ಬರಿ ಕೊಪ್ಪರಿಗೆಯ ಸಂಧಾನ

ಎಲ್ಲಕ್ಕೂ ಕಾರಣ ಒಂದು ಕೊಪ್ಪರಿಗೆ. ಅದರೊಳಗೆ ಏನಾದರೂ ಇದ್ದು ಜಗಳವಾಗಿದ್ದರೆ ಒಪ್ಪಿಕೊಳ್ಳಬಹುದಿತ್ತು. ಏನೂ ಇರಲಿಲ್ಲ ಎನ್ನುವುದಕ್ಕೇ ಜಗಳವಾಯಿತು.

ಹಿಂದೂಪುರದಲ್ಲೂ ಕಲ್ಯಾಣದುರ್ಗದಲ್ಲೂ ವಿಭೂತಿ ಹಚ್ಚುವ ವರ್ತಕರ ಮನೆತನಗಳು ಬಹಳ. ಎರಡು ಊರಿಗೂ ತಲೆಮಾರುಗಳಿಂದ ಹೆಣ್ಣು ಕೊಟ್ಟು ತರುವ ಸಂಬಂಧ. ಎರಡು ಊರಿಗೂ ಸೇರಿ ಒಂದೇ ತಾಮ್ರದ ಕೊಪ್ಪರಿಗೆ. ಯಾವ ಕಾಲದ ಯಾವ ಪುಣ್ಯಾತ್ಮ ಮಾಡಿಸಿಟ್ಟನೋ, ಅದನ್ನು ಉಜ್ಜಬೇಕಾದರೆ ಒಬ್ಬ ಆಳು ಒಳಗೆ ಇಳಿಯಬೇಕು. ಮದುವೆ ಯಾವ ಊರಲ್ಲೋ ಕೊಪ್ಪರಿಗೆ ಆ ಊರಿಗೆ ಹೋಗುತ್ತಿತ್ತು. ಮೊದಲು ಎತ್ತಿನ ಗಾಡಿಯ ಮೇಲೆ ಹೋಗುತ್ತಿದ್ದದ್ದು, ಈಗ ಬಸ್ಸಿನ ತಲೆಯ ಮೇಲೆ ಕೂತು ಹೋಗುತ್ತಿತ್ತು.

ಒಂದು ಕಟ್ಟುಪಾಡು ಮಾತ್ರ ಗಾಡಿಯ ಕಾಲದಿಂದ ಹಾಗೇ ಉಳಿದಿತ್ತು. ಬರಿ ಪಾತ್ರೆಯನ್ನು ಹಿಂದಿರುಗಿಸಬಾರದು. ಪಕ್ಕದ ಮನೆಯ ಚೆಂಬನ್ನು ಕೊಡುವಾಗಲೂ ನಾಲ್ಕು ಕಾಳು ಹಾಕಿ ಕೊಡುವ ಜನ ಅವರು. ಬರಿದಾಗಿ ಕೊಟ್ಟರೆ ‘ನಿನ್ನ ಮನೆಯೂ ಹೀಗೇ ಬರಿದಾಗಲಿ’ ಎಂದ ಹಾಗೆ. ಅದಕ್ಕೇ ಕೊಪ್ಪರಿಗೆ ಹೊರಡುವಾಗ ಅದರೊಳಗೆ ಎರಡು ಅಚ್ಚು ಬೆಲ್ಲವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದರು.

ಆ ವರ್ಷ ಜ್ಯೇಷ್ಠದಲ್ಲಿ ಹಿಂದೂಪುರದ ಮದುವೆಯೊಂದು ಮುಗಿದು ಕೊಪ್ಪರಿಗೆ ಕಲ್ಯಾಣದುರ್ಗಕ್ಕೆ ಬಂತು. ಬಸ್ ಸ್ಟ್ಯಾಂಡಿನಲ್ಲಿ ಹತ್ತಾರು ಜನರ ಎದುರಿಗೆ ಮುಚ್ಚಳ ತೆಗೆದರು. ಒಳಗೆ ಒಂದು ಹಲ್ಲಿ ಇತ್ತು. ಅದು ಮೇಲೆ ನೋಡಿ ಲೊಚಗುಟ್ಟಿತು. ಬೆಲ್ಲ ಇರಲಿಲ್ಲ.

ಅಷ್ಟೇ. ಕಲ್ಯಾಣದುರ್ಗದವರು, “ನಮ್ಮನ್ನ ಬರಿಗೈಯೋರು ಮಾಡ್ಬುಟ್ರು” ಎಂದರು. ಹಿಂದೂಪುರದವರು, “ನಾವು ಇಕ್ಕಿದ್ವಿ, ನೀವೇ ತಿಂದು ಬಾಯಿ ಒರೆಸ್ಕೊಂಡ್ರಿ” ಎಂದರು. ಶ್ರಾವಣದಲ್ಲಿ ಹಿಂದೂಪುರದ ಬಟ್ಟೆ ವರ್ತಕ ಶಿವಯೋಗಪ್ಪನವರ ಮಗಳ ಮದುವೆ. ಕೊಪ್ಪರಿಗೆ ಕಳಿಸುವುದಿಲ್ಲ ಎಂದು ಕಲ್ಯಾಣದುರ್ಗ ಹೇಳಿಬಿಟ್ಟಿತು. ನಿಮ್ಮ ಊರಿಗೆ ನಮ್ಮ ಅಡಿಗೆಯವರನ್ನು ಕಳಿಸುವುದಿಲ್ಲ ಎಂದು ಹಿಂದೂಪುರ ಹೇಳಿತು.

ಈ ಯುದ್ಧದಲ್ಲಿ ಮೊದಲು ಬಿದ್ದ ಹೆಣ ಎಂದರೆ ಉಜ್ಜಿನಪ್ಪನ ಸಂಸಾರ.

ಉಜ್ಜಿನಪ್ಪ ಶಿವಯೋಗಪ್ಪನವರ ಅಂಗಡಿಯಲ್ಲಿ ಗಜ ಹಿಡಿದು ಬಟ್ಟೆ ಅಳೆಯುವವನು. ಅವನ ಹೆಂಡತಿ ವೀರಭದ್ರಮ್ಮ ಕಲ್ಯಾಣದುರ್ಗದ ಹೆಣ್ಣು. ಮದುವೆ ಗಲಾಟೆ ಮುಗಿದ ಮೇಲೆ ನಾಲ್ಕು ದಿನ ಇದ್ದು ಬರುತ್ತೇನೆಂದು ತವರಿಗೆ ಹೋಗಿದ್ದಳು. ಮುಚ್ಚಳ ತೆಗೆದಾಗ ಅಲ್ಲೇ ನಿಂತಿದ್ದಳು. ಮಾರನೆಯ ದಿನ ಬಸ್ಸಿನ ಕಂಡಕ್ಟರು ಉಜ್ಜಿನಪ್ಪನ ಬಾಗಿಲಿಗೆ ಬಂದು, ಬೀದಿಗೆಲ್ಲ ಕೇಳುವ ಹಾಗೆ ಅವಳ ಮಾತನ್ನು ಒಪ್ಪಿಸಿ ಹೋದ. “ಬರಿ ಕೊಪ್ಪರಿಗೆ ಕಳ್ಸಿದ ಊರಿಗೆ ನಾನು ಕಾಲಿಕ್ಕಲ್ಲ. ನನ್ನ ತವರಿನ ಮರ್ವಾದಿ ತಿರುಗಿ ಬಂದ ದಿನ ಬತ್ತೀನಿ ಅಂದವ್ರೆ ಕಣಪ್ಪ.”

ಅಂದಿನಿಂದ ಉಜ್ಜಿನಪ್ಪ ತಾನೇ ಬೇಯಿಸಿಕೊಂಡು ತಿನ್ನುತ್ತಿದ್ದ. ಅವನು ಸುಟ್ಟ ರೊಟ್ಟಿಯನ್ನು ನಾಯಿ ಮೂಸಿ ನೋಡಿ, ಅವನ ಮುಖವನ್ನೂ ನೋಡಿ, ಮುಂದೆ ಹೋಗುತ್ತಿತ್ತು. ಅವನ ಜೀವ ಉಳಿಸಿದ್ದು ಬೆಲ್ಲ. ಗೂಟಕ್ಕೆ ನೇತುಹಾಕಿದ್ದ ತನ್ನ ಚೀಲದಲ್ಲಿ ಬೆಲ್ಲ ಇರುವುದನ್ನು ಕಂಡ ದಿನ ಅವನ ಕಣ್ಣು ತುಂಬಿ ಬಂದಿತ್ತು. ಕೋಪದವಳಾದರೇನು, ಗಂಡ ಉಪವಾಸ ಬಿದ್ದಾನೆಂದು ಬೆಲ್ಲ ಇಟ್ಟು ಹೋಗಿದ್ದಾಳಲ್ಲ! ರೊಟ್ಟಿಯ ಜೊತೆ ಒಂದು ಚೂರು ಬಾಯಿಗೆ ಹಾಕಿಕೊಂಡಾಗಲೆಲ್ಲ ಹೆಂಡತಿ ಬೇಕೆನಿಸುತ್ತಿತ್ತು. ಸುಮ್ಮನೆ ಬೇಕೆನಿಸುವುದಲ್ಲ, ಎದೆಯಲ್ಲಿ ನೋವಾಗುತ್ತಿತ್ತು.

ಹೀಗಿರುವವನು ಬಾಯಿ ಮುಚ್ಚಿಕೊಂಡು ಇರಬೇಕಾಗಿತ್ತು. ಆದರೆ ಅವನಿಗೆ ಪೇಪರು ಓದುವ ಚಾಳಿ. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಕಾಫಿ ಹೋಟೆಲಿನಲ್ಲಿ ಕೂತು, ಓದಲು ಬಾರದವರಿಗೆಲ್ಲ ಓದಿ ಹೇಳುತ್ತಿದ್ದ. ಆಗ ಕೊರಿಯಾದ ಯುದ್ಧ ನಿಲ್ಲಿಸುವ ಮಾತು ಶುರುವಾಗಿತ್ತು. ಮಾತುಕತೆ ಎಲ್ಲಿ ನಡೆಯಬೇಕು ಎನ್ನುವುದಕ್ಕೇ ಒಂದು ಜಗಳ ಎಂದು ಪೇಪರಿನಲ್ಲಿ ಬಂದಿತ್ತು.

“ಇವ್ರಿಗೆ ಬುದ್ಧಿ ಇಲ್ಲ ಕಣ್ರಪ್ಪ,” ಎಂದ ಉಜ್ಜಿನಪ್ಪ ಪೇಪರು ಮಡಚುತ್ತ. “ಮಾತು ಬಲ್ಲೋನಿಗೆ ಜಗಳ ಇಲ್ಲ, ಊಟ ಬಲ್ಲೋನಿಗೆ ರೋಗ ಇಲ್ಲ. ಅದು ನಿಂದೂ ಅಲ್ಲ ನಂದೂ ಅಲ್ಲ ಅನ್ನೋ ಒಂದು ಊರಲ್ಲಿ ಇಬ್ರನ್ನೂ ಕುಂಡ್ರಿಸಿ, ನಡುವೆ ಒಬ್ಬ ಬುದ್ಧಿವಂತ ಕುಂತ್ಕಂಡ್ರೆ ಸಂಜೆ ಹೊತ್ಗೆ ಎಲ್ಲಾ ಸರಿಹೋಯ್ತದೆ.”

ಅವನ ಬೆನ್ನ ಹಿಂದೆ ಶಿವಯೋಗಪ್ಪನವರು ಕಾಫಿ ಹೀರುತ್ತ ಕೂತಿದ್ದರು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎಂದರೆ ಇದೇ.

“ಹಂಗಾದ್ರೆ ನೀನೇ ಕುಂತ್ಕ,” ಎಂದರು ಅವರು. “ರೊದ್ದಂ ನಮ್ದೂ ಅಲ್ಲ, ಅವ್ರದೂ ಅಲ್ಲ. ಅಲ್ಲೇ ಸೇರಾನ. ಕಲ್ಯಾಣದುರ್ಗದಲ್ಲಿರೋ ನಿಮ್ಮ ಬಾವ ಅಮರೇಶಪ್ಪನಿಗೆ ಹೇಳಿ ಕಳ್ಸು.”

ಉಜ್ಜಿನಪ್ಪನಿಗೆ ಹೆದರಿಕೆಯಾಯಿತು, ಅದರ ಹಿಂದೆಯೇ ಆಸೆಯೂ ಆಯಿತು. ಸಂಧಾನ ಆದರೆ ಅದೇ ಸಂಜೆಯ ಬಸ್ಸಿನಲ್ಲಿ ವೀರಭದ್ರಮ್ಮನನ್ನು ಕೂರಿಸಿಕೊಂಡು ಬರಬಹುದು. ಆ ಒಂದು ಆಸೆಗೆ ಅವನು ತಲೆಯಾಡಿಸಿದ. ಕಂಡಕ್ಟರ ಬಾಯಲ್ಲೇ ಹೇಳಿ ಕಳಿಸಿದ್ದಾಯಿತು, ಕಂಡಕ್ಟರ ಬಾಯಲ್ಲೇ ಒಪ್ಪಿಗೆ ಬಂತು.

ಗೊತ್ತಾದ ದಿನ ಬೆಳಗ್ಗೆ ಉಜ್ಜಿನಪ್ಪ ಬುತ್ತಿ ಕಟ್ಟಿಕೊಂಡ. ಪಂಚಾಯಿತಿ ಮಾಡುವವನು ತೀರ್ಪಾಗುವ ತನಕ ಎರಡು ಕಡೆಯವರ ನೀರನ್ನೂ ಮುಟ್ಟಬಾರದು. ಒಂದು ಅಡಿಕೆ ಹೋಳು ಬಾಯಿಗೆ ಹೋದರೂ ತೀರ್ಪು ಕೆಟ್ಟಿತು ಎನ್ನುತ್ತಿದ್ದರು ಹಿರಿಯರು. ಹಾಗಾಗಿ ಹಿತ್ತಾಳೆ ಡಬ್ಬಿಯಲ್ಲಿ ತಾನೇ ಸುಟ್ಟ ಎರಡು ರೊಟ್ಟಿ ಇಟ್ಟು, ಉಳಿದಿದ್ದ ಬೆಲ್ಲದ ಗಂಟನ್ನೂ ಅದರಲ್ಲೇ ತುರುಕಿ ಬಸ್ಸು ಹತ್ತಿದ.

ಬಸ್ಸಿನಲ್ಲಿ ಶಿವಯೋಗಪ್ಪನವರು ಅವನ ಪಕ್ಕದಲ್ಲೇ ಕೂತರು. ಊರು ದಾಟಿತು. ಆಮೇಲೆ ಕಿವಿಯ ಹತ್ತಿರ ಬಂದು, “ನಿಮ್ಮ ಬಾವ ಅಮರೇಶಪ್ಪ ನಿಂಗೇನಾದ್ರೂ ಗುಟ್ಟಾಗಿ ಹೇಳಿ ಕಳ್ಸವ್ನಾ?” ಎಂದರು.

“ಇಲ್ಲ ಯಜಮಾನ್ರೆ.”

“ಇಲ್ಲ ಅಂತ ಇಷ್ಟು ಬಿರ್‍ನೆ ಯಾಕ್ಲಾ ಹೇಳ್ದೆ?”

ಉಜ್ಜಿನಪ್ಪ ಸ್ವಲ್ಪ ಯೋಚಿಸಿ, ನಿಧಾನವಾಗಿ, “ಇಲ್ಲ” ಎಂದ.

“ಈಗ್ಯಾಕೆ ಯೋಚ್ನೆ ಮಾಡ್ದೆ?” ಎಂದು ಕೇಳಿ ಶಿವಯೋಗಪ್ಪನವರು ಕಿಟಕಿಯ ಕಡೆಗೆ ತಿರುಗಿಕೊಂಡರು.

ರೊದ್ದಂನಲ್ಲಿ ಕಲ್ಯಾಣದುರ್ಗದ ಬಸ್ಸು ಮೊದಲೇ ಬಂದು ನಿಂತಿತ್ತು. ಅದರ ತಲೆಯ ಮೇಲೆ ಕೊಪ್ಪರಿಗೆ ಬಿಸಿಲಿಗೆ ಹೊಳೆಯುತ್ತಿತ್ತು. ಬರಿದಾಗಿದ್ದಕ್ಕೆ ಸಾಕ್ಷಿಯಾಗಿ ಅದನ್ನೇ ಹೊತ್ತು ತಂದಿದ್ದರು. ಅದರ ಕೆಳಗೆ ವೀರಭದ್ರಮ್ಮನ ಅಣ್ಣ ಅಮರೇಶಪ್ಪ, ಅವರ ಹಿಂದೆ ಕಲ್ಯಾಣದುರ್ಗದ ನಾಲ್ಕೈದು ಹಿರಿಯರು. ಅವರ ಹಿಂದೆ, ಸೆರಗನ್ನು ಬಿಗಿಯಾಗಿ ಹೊದ್ದು, ವೀರಭದ್ರಮ್ಮ.

ಉಜ್ಜಿನಪ್ಪನ ಮುಖ ಅರಳಿತು. ಅವಳು ತೆಳ್ಳಗಾಗಿದ್ದಾಳೆ ಎಂದುಕೊಂಡ. ನಿಜವಾಗಿ ತೆಳ್ಳಗಾಗಿದ್ದವನು ಅವನೇ. ಅವಳು ಅವನ ಕಡೆ ನೋಡದೆ ಬಸ್ಸಿನ ಚಕ್ರವನ್ನು ನೋಡಿದಳು.

“ಬನ್ನಿ ಉಜ್ಜಿನಪ್ಪನೋರೆ,” ಎಂದರು ಅಮರೇಶಪ್ಪ. ಎಂದೂ ಇಲ್ಲದ ‘ನೋರೆ’ ಕೇಳಿ ಉಜ್ಜಿನಪ್ಪ ಡಬ್ಬಿಯನ್ನು ಕಂಕುಳಿಗೆ ಒತ್ತಿಕೊಂಡ. “ನಿಮ್ಮ ಯಜಮಾನ್ರು ಹೇಳ್ಕೊಟ್ಟಿದ್ದೆಲ್ಲಾ ಬಾಯಿಗೆ ಬಂದೈತಾ?”

“ನಂಗ್ಯಾರೂ ಏನೂ ಹೇಳ್ಕೊಟ್ಟಿಲ್ಲ ಬಾವ.”

“ಹೇಳ್ಕೊಡ್ದಿದ್ರೂ ಅನ್ನ ಅವ್ರದೇ ಅಲ್ವೇ?”

ಹಿಂದೂಪುರದವರಿಗೆ ಅವನು ಕಲ್ಯಾಣದುರ್ಗದ ಅಳಿಯ. ಕಲ್ಯಾಣದುರ್ಗದವರಿಗೆ ಅವನು ಶಿವಯೋಗಪ್ಪನ ಆಳು. ಎರಡು ಊರಿಗೂ ಬೇಕಾದವನು ಎಂದು ಅವನನ್ನು ಆರಿಸಿದ್ದರು. ಎರಡು ಊರೂ ನಂಬದವನು ಎಂಬುದು ರೊದ್ದಂಗೆ ಬಂದ ಮೇಲೆ ಗೊತ್ತಾಯಿತು.

ಮೊದಲ ಜಗಳ ಕೂರುವ ಜಾಗಕ್ಕೆ. ವೀರಭದ್ರಮ್ಮನ ಚಿಕ್ಕಮ್ಮ ಎರ್ರಮ್ಮ ರೊದ್ದಂನಲ್ಲೇ ಇದ್ದಳು. ಕಣ್ಣು ಮಂದವಾದ ಒಂಟಿ ಮುದುಕಿ, ಮನೆ ದೊಡ್ಡದು. ಅವಳ ಜಗಲಿಯ ಮೇಲೆ ಕೂರೋಣ ಎಂದರು ಅಮರೇಶಪ್ಪ. “ಕಲ್ಯಾಣದುರ್ಗದ ಮುದುಕಿ ಜಗಲಿ ನಮ್ಗೆ ಬ್ಯಾಡ,” ಎಂದರು ಶಿವಯೋಗಪ್ಪ. ಕೊನೆಗೆ ಊರ ಛತ್ರ ಎಂದಾಯಿತು. ಛತ್ರದಲ್ಲಿ ಜಮಖಾನ ಯಾರದು? ಅವರ ಜಮಖಾನದ ಮೇಲೆ ಇವರು ಕೂರುವುದಿಲ್ಲ, ಇವರದ್ದರ ಮೇಲೆ ಅವರು ಕೂರುವುದಿಲ್ಲ.

ಛತ್ರದ ಎದುರಿಗೇ ಓಬುಳಪತಿಯ ಟೀ ಹೋಟೆಲು. ಅವನಿಗೆ ಅಂಥ ವ್ಯಾಪಾರದ ದಿನ ಎಂದೂ ಬಂದಿರಲಿಲ್ಲ. ಊರಿನ ಅರ್ಧ ಜನ ಬಂದು ನೆರೆದಿದ್ದರು. “ಏಮಯ್ಯಾ, ಇದಿ ಪೆಂಡ್ಲಿನಾ, ಪಂಚಾಯಿತಿನಾ?” ಎಂದು ತೆಲುಗಿನಲ್ಲಿ, ಮದುವೆಯೇನೋ ಎಂಬಂತೆ ನಗುತ್ತ ಅವನು ತನ್ನ ಎರಡು ಬೆಂಚುಗಳನ್ನು ಹೊರಿಸಿ ತಂದ. ಒಂದು ಬೆಂಚು ಇನ್ನೊಂದಕ್ಕಿಂತ ಎರಡು ಬೆರಳು ಎತ್ತರ. ಅದರ ಮೇಲೆ ಶಿವಯೋಗಪ್ಪನವರು ಕೂತದ್ದನ್ನು ನೋಡಿ ಅಮರೇಶಪ್ಪ ತಮ್ಮ ಬೆಂಚಿನ ಕೆಳಗೆ ಇಟ್ಟಿಗೆ ಇಡಿಸಿದರು. ಆಗ ಅದು ಎತ್ತರವಾಯಿತು. ಶಿವಯೋಗಪ್ಪನವರು ಎದ್ದು ತಮ್ಮ ಬೆಂಚಿಗೂ ಇಟ್ಟಿಗೆ ಹುಡುಕಿದರು. ಛತ್ರದ ಗೋಡೆಯಿಂದ ಇಟ್ಟಿಗೆ ಕೀಳಲು ಹೊರಟಾಗ ರೊದ್ದಂನವರು ತಡೆದರು. ಕಡೆಗೆ ಎಲ್ಲರೂ ಬರಿ ನೆಲದ ಮೇಲೆ ಕೂತರು. ಬೆಂಚುಗಳ ಮೇಲೆ ನೋಡುವ ಜನ ಕೂತರು.

“ನಾನು ಹೇಳೋದು ಏನಪ್ಪಾ ಅಂದ್ರೆ,” ಎಂದು ಉಜ್ಜಿನಪ್ಪ ಗಂಟಲು ಸರಿಮಾಡಿಕೊಂಡ. ಅದೇ ಹೊತ್ತಿಗೆ ಕಂಬದ ಹಿಂದೆ ವೀರಭದ್ರಮ್ಮ ಸೆರಗು ಸರಿಮಾಡಿಕೊಂಡಳು.

“ನಿಲ್ಲು ನಿಲ್ಲು,” ಎಂದರು ಶಿವಯೋಗಪ್ಪ. “ನಿನ್ನ ಹೆಂಡ್ರು ಸೆರಗು ಎಳ್ದಳು, ನೀನು ಕೆಮ್ದೆ. ಏನ್ಲಾ ಅದು ಸನ್ನೆ?”

“ಕೆಮ್ಮು ಬಂತು ಯಜಮಾನ್ರೆ.”

“ಆವಾಗ್ಲೇ ಯಾಕೆ ಬಂತು?”

“ನಿಮ್ಮ ಆಳಿಗೆ ಕೆಮ್ಮೋಕೂ ನಿಮ್ಮ ಅಪ್ಪಣೆ ಬೇಕೇನ್ರಿ?” ಎಂದರು ಅಮರೇಶಪ್ಪ. “ನೋಡಿದ್ರಾ, ಬಾಯಿಗೆ ದಾರ ಕಟ್ಟಿ ಕರ್ಕಂಡು ಬಂದವ್ರೆ.”

ಅಲ್ಲಿಂದ ಮುಂದೆ ಉಜ್ಜಿನಪ್ಪ ಏನು ಮಾಡಿದರೂ ಯಾವುದೋ ಕಡೆಗೆ ಸನ್ನೆಯಾಯಿತು. ಟವಲಿನಿಂದ ಬೆವರು ಒರೆಸಿದರೆ ಹಿಂದೂಪುರದವರು ಪರಸ್ಪರ ಮುಖ ನೋಡಿಕೊಂಡರು. ತೊಡೆಯ ಮೇಲಿನ ಇರುವೆ ಕೊಡವಿದರೆ ಕಲ್ಯಾಣದುರ್ಗದವರು ಪಿಸುಗುಟ್ಟಿದರು. ಓಬುಳಪತಿ ಅವನ ಮುಂದೆ ಒಂದು ಲೋಟ ಟೀ ತಂದಿಟ್ಟ. “ಇದು ಯಾರ ಲೆಕ್ಕದ್ದು?” ಎಂದು ಎರಡು ಕಡೆಯವರೂ ಒಟ್ಟಿಗೆ ಕೇಳಿದರು. ಆ ದಿನ ಅವರು ಒಟ್ಟಿಗೆ ಆಡಿದ ಮೊದಲ ಮಾತು ಅದು. ಅದು ತನ್ನದೇ ಲೆಕ್ಕವೆಂದು ಓಬುಳಪತಿ, “ನಾ ಲೆಕ್ಕಂಲೇ” ಎಂದರೂ ನಂಬಲಿಲ್ಲ. ಇವನಿಗೆ ಇಷ್ಟು ಧಾರಾಳ ಎಲ್ಲಿಂದ ಬಂತು, ಇವನ ಹಿಂದೆ ಯಾರಿದ್ದಾರೆ ಎಂದು ಗುಸುಗುಸು ಎದ್ದಿತು. ಟೀ ಹಾಗೇ ಆರಿ ಕೆನೆಗಟ್ಟಿತು. ಉಜ್ಜಿನಪ್ಪ ಅದನ್ನೇ ನೋಡುತ್ತ ಕೂತಿದ್ದ.

ಬಿಸಿಲು ನೆತ್ತಿಗೆ ಬಂತು. “ಇಕ್ಕಿದ್ವಿ”, “ಇಕ್ಕಿರ್ಲಿಲ್ಲ” ಎನ್ನುವುದರಿಂದ ಮಾತು ಒಂದು ಗೇಣು ಮುಂದೆ ಹೋಗಿರಲಿಲ್ಲ.

“ನನ್ನ ಕೈಯಾರೆ ಬೆಲ್ಲ ಕಟ್ಟಿದೀನಿ ಕಣಯ್ಯಾ,” ಎಂದು ಶಿವಯೋಗಪ್ಪ ಎದೆ ಮುಟ್ಟಿಕೊಂಡರು. “ನನ್ನ ಅಂಗಡಿ ಮಲ್ಲು ಬಟ್ಟೆ ಹರಿದು, ಅರಿಶಿನದಲ್ಲಿ ಅದ್ದಿ, ಎರಡು ಗಂಟು ಹಾಕಿ ಕಟ್ಟಿದೀನಿ.”

“ಬಂದಿದ್ದು ಹಲ್ಲಿ,” ಎಂದರು ಅಮರೇಶಪ್ಪ. “ಹಲ್ಲಿಗೂ ಅರಿಶಿನ ಹಚ್ಚಿದ್ರಾ?”

ನೋಡುವವರು ನಕ್ಕರು. ಶಿವಯೋಗಪ್ಪ ಎದ್ದು ನಿಂತರು. ಅಮರೇಶಪ್ಪನೂ ಎದ್ದರು. ಇನ್ನೊಂದು ಮಾತಾದರೆ ಎಲ್ಲ ಮುಗಿದು, ಒಬ್ಬೊಬ್ಬರು ಒಂದೊಂದು ಬಸ್ಸು ಹತ್ತಿ, ವೀರಭದ್ರಮ್ಮನೂ ಆ ಕಡೆಯ ಬಸ್ಸಿನಲ್ಲಿ ಹೊರಟುಹೋಗುತ್ತಾಳೆ ಎಂದು ಉಜ್ಜಿನಪ್ಪನಿಗೆ ಕಂಡಿತು. ಅವನಿಗೆ ಎಲ್ಲಿಲ್ಲದ ಧೈರ್ಯ ಬಂತು.

“ಆಗಿದ್ದು ಆಯ್ತು ಬಿಡಿ!” ಎಂದು ಕೂಗಿದ. “ಮುಂದಕ್ಕೆ ನೋಡಾನ. ಕೊಪ್ಪರಿಗೆ ನಿಮ್ಮತ್ರನೂ ಬ್ಯಾಡ, ಅವ್ರತ್ರನೂ ಬ್ಯಾಡ. ಇಲ್ಲೇ ರೊದ್ದಂನಲ್ಲಿ ಇರ್ಲಿ. ಎರಡು ಊರಿಗೂ ಸಂಬಂಧಪಟ್ಟೋರು, ಎರಡು ಊರಿಗೂ ಹೆದರ್ದೋರು, ಒಬ್ರು ಇಲ್ಲೇ ಇದ್ದು ಅದನ್ನ ಕಾಯ್ಲಿ. ಹೋಗೋವಾಗ ಬೆಲ್ಲ ಐತಾ, ಬರೋವಾಗ ಬೆಲ್ಲ ಐತಾ, ಅವ್ರೇ ಮುಚ್ಚಳ ತೆಗ್ದು ನೋಡ್ಲಿ. ಆವಾಗ ಅನುಮಾನ ಎಲ್ಲಿಂದ ಬತ್ತದೆ?”

ಮಾತು ಒಳ್ಳೆಯದೇ. ಎರಡು ಕಡೆಯವರಿಗೂ ಒಳ್ಳೆಯದೆಂದು ಅನಿಸಿತು. ಅದಕ್ಕೇ ಎರಡು ಕಡೆಯವರಿಗೂ ಅನುಮಾನ ಬಂತು.

“ಇದ್ರಲ್ಲಿ ಅವ್ರಿಗೇನೋ ಲಾಭ ಐತೆ,” ಎಂದು ಶಿವಯೋಗಪ್ಪ ತಮ್ಮವರ ಕಿವಿಯಲ್ಲಿ ಹೇಳಿದರು. ಅಮರೇಶಪ್ಪನೂ ತಮ್ಮವರ ಕಿವಿಯಲ್ಲಿ ಅದನ್ನೇ ಹೇಳಿದರು. “ಯೋಚ್ನೆ ಮಾಡಿ ಹೇಳ್ತೀವಿ. ಮೊದ್ಲು ಬೆಲ್ಲದ ಮಾತು ಇತ್ಯರ್ಥ ಆಗ್ಲಿ” ಎಂದು ಇಬ್ಬರೂ ಎರಡು ಮೂಲೆಗೆ ಹೋದರು.

ಆಗ ಎರ್ರಮ್ಮನ ಮನೆಯ ಕಡೆಯಿಂದ ಒಗ್ಗರಣೆಯ ವಾಸನೆ ತೇಲಿ ಬಂತು. ಉಜ್ಜಿನಪ್ಪನ ಹೊಟ್ಟೆ ಛತ್ರದ ಕಂಬಕ್ಕೆ ಕೇಳಿಸುವ ಹಾಗೆ ಗುಡುಗಿತು. ಯಾರೂ ನೋಡುತ್ತಿಲ್ಲ ಎಂದುಕೊಂಡು ಅವನು ಮೆಲ್ಲಗೆ ಎದ್ದು, ಡಬ್ಬಿಯನ್ನು ಪಂಚೆಯ ಮರೆಯಲ್ಲಿ ಹಿಡಿದು ಛತ್ರದ ಹಿಂದಕ್ಕೆ ಹೋದ. ತನ್ನ ರೊಟ್ಟಿಯನ್ನು ತಾನು ತಿನ್ನಲು ಮರೆ ಏಕೆ ಬೇಕಿತ್ತೋ ಕಾಣೆ. ಬೆಳಗ್ಗಿನಿಂದ ಎಲ್ಲರೂ ಕಳ್ಳನನ್ನು ನೋಡುವ ಹಾಗೆ ನೋಡಿ ನೋಡಿ, ಅವನಿಗೂ ಹಾಗೇ ನಡೆಯುವುದು ಬಂದಿತ್ತು.

ಯಾರೂ ನೋಡುತ್ತಿಲ್ಲ ಎಂದುಕೊಂಡದ್ದು ಮಾತ್ರ ತಪ್ಪು. ನೋಡದೆ ಇದ್ದದ್ದು ಕೊಪ್ಪರಿಗೆಯೊಳಗಿನ ಹಲ್ಲಿಯೊಂದೇ.

ಹುಣಸೆಮರದ ಬುಡದಲ್ಲಿ ಕೂತು, ಡಬ್ಬಿ ತೆಗೆದು, ರೊಟ್ಟಿ ಮುರಿದು, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಎಡಗಡೆ ಶಿವಯೋಗಪ್ಪ, ಬಲಗಡೆ ಅಮರೇಶಪ್ಪ, ಅವರ ಹಿಂದೆ ರೊದ್ದಂ.

“ಏನು ತಿಂತಿದೀಯಾ?” ಎಂದರು ಶಿವಯೋಗಪ್ಪ. “ಕಲ್ಯಾಣದುರ್ಗದೋರು ಏನು ಕೊಟ್ರು?”

“ಹಿಂದೂಪುರದೋರು ಕೊಟ್ಟಿದ್ದೇ ಇರ್ಬೇಕು,” ಎಂದರು ಅಮರೇಶಪ್ಪ. “ನಮ್ಮ ಕಡೆಯೋರು ಮರೆಲಿ ಕೊಡೋ ಜನ ಅಲ್ಲ.”

“ನಂದೇ... ಮನೇದು...” ಎಂದ ಉಜ್ಜಿನಪ್ಪ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು.

“ಬಾಯಿ ತೆಗಿ.”

ಬಾಯಿ ತೆಗೆದ. ಇಬ್ಬರು ದೊಡ್ಡ ಮನುಷ್ಯರು ಬಗ್ಗಿ ಅವನ ಬಾಯೊಳಗೆ ನೋಡಿದರು. ಅಷ್ಟರಲ್ಲಿ ಓಬುಳಪತಿ ಡಬ್ಬಿಗೆ ಕೈ ಹಾಕಿ ಗಂಟನ್ನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದ. “ಇದೇಮಿ?”

ಹಳದಿ ಮಲ್ಲು ಬಟ್ಟೆ. ಎರಡು ಗಂಟು, ಒಂದು ಸಡಿಲವಾಗಿತ್ತು, ಇನ್ನೊಂದು ಹಾಕಿದಂತೇ ಇತ್ತು. ಒಳಗೆ ಅಂಗೈಯಷ್ಟು ಬೆಲ್ಲ.

ಶಿವಯೋಗಪ್ಪನವರು ಬಟ್ಟೆಯ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿದರು. ಅವರ ಮುಖ ಬಣ್ಣಗೆಟ್ಟಿತು. “ಇದು ನನ್ನ ಗಂಟು,” ಎಂದರು ಮೆತ್ತಗೆ. “ನಾನೇ ಹಾಕಿದ ಗಂಟು.”

“ಇದು ಇವನತ್ರ ಹೆಂಗೆ ಬಂತು?” ಎಂದರು ಅಮರೇಶಪ್ಪ. “ನೀವು ಒಳಗೆ ಇಕ್ಕಿದ್ವಿ ಅಂದ್ರಲ್ಲ?”

“ಇಕ್ಕಿದ್ದೆ... ಅಂದ್ರೆ, ಕಟ್ಟಿದ್ದು ನಾನು. ಬಸ್ ಸ್ಟ್ಯಾಂಡಿನಲ್ಲಿ ಕೊಪ್ಪರಿಗೇನ ಮೇಲೆ ಹತ್ತಿಸ್ತಾ ಇದ್ರು. ಇದನ್ನ ಒಳಗೆ ಇಕ್ಲಾ ಅಂತ ಇವನ ಕೈಗೆ ಕೊಟ್ಟೆ. ಹ್ಞೂಂ ಅಂದ.”

ಎಲ್ಲರೂ ಉಜ್ಜಿನಪ್ಪನ ಕಡೆ ನೋಡಿದರು. ಉಜ್ಜಿನಪ್ಪನಿಗೆ ಆ ಬೆಳಗ್ಗೆ ಕಣ್ಣ ಮುಂದೆ ಬಂತು. ಬಸ್ಸು, ನೂಕುನುಗ್ಗಲು, ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಪ್ರಯಾಣಿಕ, ಅವನು ಬಿಡಿಸಿ ಹಿಡಿದಿದ್ದ ಪೇಪರು, ಅದರಲ್ಲಿ ಕೊರಿಯಾದ ಸುದ್ದಿ. ತಾನು ಕತ್ತು ಚಾಚಿ ಓದುತ್ತಿದ್ದದ್ದು. ಯಾರೋ ಏನೋ ಕೈಗೆ ತುರುಕಿದ್ದು. ಕೈಯಲ್ಲಿದ್ದದ್ದನ್ನು ಚೀಲಕ್ಕೆ ಹಾಕಿಕೊಂಡದ್ದು. ಹ್ಞೂಂ ಎಂದದ್ದು. ಎಲ್ಲವೂ ಬಂತು, ತಡವಾಗಿ ಬಂತು.

ಅವನು ಜನರ ನಡುವೆ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. ತೊದಲುತ್ತ ಕೇಳಿದ, “ಇದು ನೀನು ನಂಗೆ ಇಟ್ಟು ಹೋಗಿದ್ದಲ್ವಾ?”

“ನಾನೆಲ್ಲಿ ಇಟ್ಟಿದ್ದೆ?” ಎಂದಳು ವೀರಭದ್ರಮ್ಮ. ಆ ದಿನ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. “ಕೊಪ್ಪರಿಗೆ ಬೆಲ್ಲಾನ ದಿನಾ ತಿಂದ್ರಾ?”

“ನಿನ್ನ ನೆನಸ್ಕೊಂಡು ತಿಂದೆ ಕಣೇ.”

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಓಬುಳಪತಿ ಇರಬೇಕು. ಆಮೇಲೆ ರೊದ್ದಂ ನಕ್ಕಿತು. ಶಿವಯೋಗಪ್ಪನವರ ಹೊಟ್ಟೆ ಕುಣಿಯಿತು, ಅಮರೇಶಪ್ಪ ಕಣ್ಣೊರೆಸಿಕೊಂಡರು. ಹಿಂದೂಪುರ ಬೆಲ್ಲ ಕೊಟ್ಟದ್ದು ನಿಜ, ಕಲ್ಯಾಣದುರ್ಗಕ್ಕೆ ಬೆಲ್ಲ ಬಾರದ್ದೂ ನಿಜ. ಎರಡು ಊರೂ ಸತ್ಯವಂತರು. ನಡುವೆ ನಿಂತವನು ಮಾತ್ರ ಕಳ್ಳ. ಇದಕ್ಕಿಂತ ಒಳ್ಳೆಯ ತೀರ್ಪು ಯಾವ ಪಂಚಾಯಿತಿಯಲ್ಲಿ ಆಗಲು ಸಾಧ್ಯ? ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು, ಇಷ್ಟು ದಿನ ಸುಮ್ಮನೆ ಅನುಮಾನ ಪಟ್ಟೆವಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಕೊಪ್ಪರಿಗೆಯನ್ನು ಎರ್ರಮ್ಮನ ಅಂಗಳಕ್ಕೆ ಉರುಳಿಸಿಕೊಂಡು ಹೋದರು. ಉಳಿದ ಬೆಲ್ಲವನ್ನು ಪಾಯಸಕ್ಕೆ ಹಾಕುವುದೆಂದು, ನವಣಕ್ಕಿ ಅನ್ನ, ತೊಗರಿಬೇಳೆ ಸಾರು ಮಾಡಿ ಎರಡು ಊರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದೆಂದು ಗೊತ್ತಾಯಿತು. ಒಲೆಗೆ ಕಲ್ಲು ಇಟ್ಟರು.

ಉಜ್ಜಿನಪ್ಪನಿಗೆ ನಾಚಿಕೆಯಾಗಿತ್ತು, ಆದರೆ ಅದಕ್ಕಿಂತ ಹೆಚ್ಚು ಸಂತೋಷವಾಗಿತ್ತು. ಕಳ್ಳ ಎಂದರೆ ಎನ್ನಲಿ. ಜಗಳ ಮುಗಿಯಿತಲ್ಲ! ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಇಲ್ಲಿ ಉಣ್ಣುವುದೂ ಆಗುತ್ತಿದೆ. ಅವನು ವೀರಭದ್ರಮ್ಮನ ಹತ್ತಿರ ಹೋಗಿ ಮೆಲ್ಲಗೆ, “ಗಂಟು ಕಟ್ಕ. ಸಂಜೆ ಬಸ್ಸಿಗೆ ಹೋಗಾನ” ಎಂದ.

ಅವಳೂ ನಕ್ಕಳು. ಬರುತ್ತೇನೆ ಎನ್ನುವ ನಗೆಯೇ ಅದು. ಆಗಲೇ ಅಮರೇಶಪ್ಪ ಕರೆದರು.

“ಇವನು ಹೇಳಿದ್ರಲ್ಲಿ ಒಂದು ಮಾತು ಚೆನ್ನಾಗಿತ್ತು ಕಣ್ರಿ ಶಿವಯೋಗಪ್ಪನೋರೆ. ಗಂಡಸ್ರ ಕೈಲಿ ಕೊಪ್ಪರಿಗೆ ಕೊಟ್ರೆ ಇದೇ ಗತಿ. ಇಲ್ಲೇ ಇದ್ದು ಕಾಯೋರು ಒಬ್ರು ಬೇಕು.”

“ಬೇಕು,” ಎಂದರು ಶಿವಯೋಗಪ್ಪ. “ಆದ್ರೆ ಎರ್ರಮ್ಮ ಬ್ಯಾಡ. ಕಣ್ಣು ಕಾಣ್ಸಲ್ಲ, ಮೇಲಾಗಿ ನಿಮ್ಮೋಳು.”

“ನಿಮ್ಮ ಕಡೆಯೋರೂ ಬ್ಯಾಡ.”

“ಎರಡು ಊರಿಗೂ ಸಂಬಂಧಪಟ್ಟೋರು, ಎರಡು ಊರಿಗೂ ಹೆದರ್ದೋರು ಅಂದ್ನಲ್ಲ ಇವನು.” ಶಿವಯೋಗಪ್ಪನವರ ಕಣ್ಣು ಅಂಗಳವನ್ನು ಒಂದು ಸುತ್ತು ಹಾಕಿ ಒಂದು ಕಡೆ ನಿಂತಿತು. ಅಮರೇಶಪ್ಪನ ಕಣ್ಣೂ ಅಲ್ಲೇ ಬಂದು ನಿಂತಿತು. ಹುಟ್ಟಿದ್ದು ಕಲ್ಯಾಣದುರ್ಗ, ಸೇರಿದ್ದು ಹಿಂದೂಪುರ. ತವರಿನ ಮರ್ಯಾದೆಗೆ ಗಂಡನ ಮನೆ ಬಿಟ್ಟವಳು. ಗಂಡನ ತಪ್ಪನ್ನು ಎಲ್ಲರೆದುರಿಗೆ ಮುಖದ ಮೇಲೆ ಹೇಳಿದವಳು.

ಉಜ್ಜಿನಪ್ಪ ಅವಳಿಗೆ ಅಡ್ಡ ಬಂದು ನಿಂತ. “ಯಜಮಾನ್ರೆ, ನಾನು ಹೇಳಿದ್ದು ಆ ಅರ್ಥದಲ್ಲಿ ಅಲ್ಲ...”

“ಅರ್ಥ ನಮ್ಗೆ ಬಿಡು. ಮಾತು ನಿಂದೇ ಅಲ್ವಾ?”

“ತಂಗೀ,” ಎಂದರು ಅಮರೇಶಪ್ಪ, “ಎರಡು ಊರ ಮಾನ ನಿನ್ನ ಕೈಲಿ ಐತೆ. ಚಿಕ್ಕಮ್ಮನಿಗೂ ಒಬ್ಬರು ಆಸರೆ ಆದಂಗಾಯ್ತದೆ. ಇದ್ದೀಯೇನಮ್ಮ?”

ವೀರಭದ್ರಮ್ಮ ಗಂಡನ ಕಡೆ ನೋಡಿದಳು. ಅವನ ಕಣ್ಣಲ್ಲಿ ಬೇಡಿಕೆ ಕಂಡಿತು. ಅವಳಿಗೆ ಪಾಪ ಎನಿಸಿತು. ಆಮೇಲೆ ಕೊಪ್ಪರಿಗೆಯ ಕಡೆ ನೋಡಿದಳು. ಎರಡು ಊರಿನ ಹಿರಿಯರು ತಾನು ಏನು ಹೇಳುತ್ತೇನೋ ಎಂದು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಅವಳ ಮಾತಿಗೆ ಹೀಗೆ ಕಾದವರು ಅವಳ ಜನ್ಮದಲ್ಲಿ ಯಾರೂ ಇರಲಿಲ್ಲ.

“ಇರ್ತೀನಿ,” ಎಂದಳು. “ಆದ್ರೆ ನನ್ನ ಮುಂದೆ ಮುಚ್ಚಳ ತೆಗೀದೆ ಯಾರೂ ಕೊಪ್ಪರಿಗೆ ಮುಟ್ಟೋ ಹಾಗಿಲ್ಲ. ನೀವೂ ಅಷ್ಟೇ ಸಾವ್ಕಾರ್ರೆ, ಅಣ್ಣನೂ ಅಷ್ಟೇ.”

“ಎಷ್ಟು ದಿನ?” ಎಂದ ಉಜ್ಜಿನಪ್ಪ.

“ಒಬ್ರ ಮೇಲೊಬ್ರಿಗೆ ನಂಬಿಕೆ ಬರೋವರ್ಗೂ,” ಎಂದರು ಶಿವಯೋಗಪ್ಪ. ಅಮರೇಶಪ್ಪನೂ ತಲೆಯಾಡಿಸಿದರು. ಅವರು ಹೆಗಲ ಮೇಲೆ ಕೈ ಹಾಕಿಕೊಂಡೇ ಇದ್ದರು, ಆದರೆ ಇಬ್ಬರೂ ಇನ್ನೊಂದು ಕೈಯಿಂದ ತಮ್ಮ ತಮ್ಮ ಜೇಬು ಹಿಡಿದುಕೊಂಡಿದ್ದರು.

ಅನ್ನ ಇನ್ನೂ ಕುದಿಯುತ್ತಿರುವಾಗಲೇ ಹಿಂದೂಪುರದ ಕೊನೆಯ ಬಸ್ಸು ಹಾರನ್ನು ಹೊಡೆಯಿತು. ಶಿವಯೋಗಪ್ಪನವರು ಉಂಡು, ರಾತ್ರಿ ಅಲ್ಲೇ ಮಲಗಿ, ಬೆಳಗ್ಗೆ ಬರುವವರು. “ನೀನು ಹೊರಡು ಉಜ್ಜಿನಪ್ಪ,” ಎಂದರು. “ಬೆಳಿಗ್ಗೆ ಅಂಗಡಿ ಬಾಗ್ಲು ತೆಗೀಬೇಕಲ್ಲ. ಪೇಪರು ಓದ್ತಾ ಕುಂತ್ಕಬ್ಯಾಡ.”

ಅವನು ಹೊರಡುವಾಗ ವೀರಭದ್ರಮ್ಮ ಬಸ್ಸಿನ ತನಕ ಬಂದಳು. ಹಿತ್ತಾಳೆ ಡಬ್ಬಿಯನ್ನು ಹೊಳೆಯುವ ಹಾಗೆ ತೊಳೆದು, ಮುಚ್ಚಳ ಹಾಕಿ ಅವನ ಕೈಗೆ ಕೊಟ್ಟಳು. “ಬರಿ ಡಬ್ಬಿ ಕೊಡಬಾರ್ದು ಅಂತ ಹಾಕಿದೀನಿ. ದಾರಿಲಿ ಚೀಲಕ್ಕೆ ಹಾಕ್ಕೊಂಡು ಮರೀಬ್ಯಾಡಿ,” ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಡಬ್ಬಿ ಭಾರವಾಗಿತ್ತು. ಉಜ್ಜಿನಪ್ಪ ಅದನ್ನು ಎದೆಗೆ ಒತ್ತಿಕೊಂಡು ಕೂತ. ಎಂಥ ಹೆಂಡತಿ! ಪಂಕ್ತಿ ಕೂರುವ ಮೊದಲೇ ಗಂಡನಿಗೆ ಊಟ ತೆಗೆದಿಟ್ಟಿದ್ದಾಳೆ. ರೊದ್ದಂ ಮರೆಯಾಗುವ ತನಕ ತಡೆದುಕೊಂಡ. ಆಮೇಲೆ ತಡೆಯಲಾಗಲಿಲ್ಲ. ಮುಚ್ಚಳ ತೆಗೆದ.

ಡಬ್ಬಿಯ ತುಂಬ ಹಸಿ ನವಣಕ್ಕಿ. ಅದರ ಮೇಲೆ, ಹಳದಿ ಬಟ್ಟೆಯ ಒಂದು ಚೂರಿನಲ್ಲಿ ಉಗುರಿನಷ್ಟು ಬೆಲ್ಲ.

ಪಕ್ಕದಲ್ಲಿ ಕೂತವನು ಬಗ್ಗಿ ನೋಡಿ, “ಏನಪ್ಪಾ, ಊಟಾನಾ?” ಎಂದು ಕೇಳಿದ.

“ಹೂಂ,” ಎಂದ ಉಜ್ಜಿನಪ್ಪ. “ಮನೆಗೋಗಿ ಬೇಯಿಸ್ಕೋಬೇಕು.”